ಹಿರೇಗೋಳಿಯ ಇಪ್ಪತ್ತೇಳನೆಯ ಕಾಲು

ನನ್ನ ಹೆಸರು ಸುಂದರಿ. ಪ್ರಾಯ ಐವತ್ತನಾಲ್ಕು. ಗಂಡ ತೀರಿಕೊಂಡು ಇಪ್ಪತ್ತು ವರ್ಷವಾಯಿತು. ಕಸುಬು ತೆಂಗಿನ ನಾರಿನ ಹಗ್ಗ ಹೊಸೆಯುವುದು. ವಾಸ ಕುಂದಾಪುರ ತಾಲೂಕು ಕೋಡಿ, ಹಿರೇಗೋಳಿಯಿಂದ ಮೂಡಕ್ಕೆ ನಲವತ್ತು ಮಾರು ದೂರದ ಹುಲ್ಲಿನ ಮನೆ. ಓದು ಬರಹ ಬಾರದು. ಸಬ್ ಇನ್‌ಸ್ಪೆಕ್ಟರ್ ಸಾಹೇಬರು ಈ ದಿನ ಮಧ್ಯಾಹ್ನ ಮೂರು ಗಂಟೆಗೆ ಗೋಳಿಯ ಬುಡಕ್ಕೇ ಬಂದು ಕೇಳಿದ್ದರಿಂದ, ಯಾರ ಒತ್ತಾಯವೂ ಇಲ್ಲದೆ, ಕೆಲವರು ಬೇಡವೆಂದು ಕೈಮುಗಿದರೂ ಕೇಳದೆ, ನಾನಾಗಿ ಈ ಮೂಲಕ ತಿಳಿಸುವುದು ಏನೆಂದರೆ:

ಮೊದಲು ಕಾಣೆಯಾದವನ ವಿವರ. ಹೆಸರು ಗುಡ್ಡ. ನನ್ನ ಒಡಹುಟ್ಟಿದ ತಮ್ಮ. ಪ್ರಾಯ ನಲವತ್ತನಾಲ್ಕು. ಎತ್ತರ ಐದಡಿ ನಾಲ್ಕು ಅಂಗುಲ, ಬಣ್ಣ ಕಪ್ಪು, ಎಡ ಹುಬ್ಬಿನ ಮೇಲೆ ಹಳೆಯ ಗಾಯದ ಕಲೆ. ಆ ಗಾಯ ಮಾಡಿದವಳು ನಾನು, ಚಿಕ್ಕಂದಿನಲ್ಲಿ ತೆಂಗಿನ ಗೆರಟೆ ಎಸೆದು. ಮೈಮೇಲೆ ನೀಲಿ ಟೆರಿಲಿನ್ ಅಂಗಿ, ಬಿಳಿ ಪಂಚೆ. ದಿನಾಂಕ 15-2-1971ನೇ ಸೋಮವಾರ ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ನನ್ನ ಮನೆಯಿಂದ ಹೊರಟವನು ಈವರೆಗೆ ಸಿಕ್ಕಿಲ್ಲ. ಆ ಮನುಷ್ಯ 1958ರಲ್ಲೇ ಸತ್ತಿದ್ದಾನೆ, ಮರಣದ ಪುಸ್ತಕದಲ್ಲಿದೆ ಎಂದು ಠಾಣೆಯ ರೈಟರು ಹೇಳಿದರು. ಇರುವುದು ಹೌದು. ಹಾಗೆ ಬರೆಸಿದವಳೂ ನಾನೇ.

ಸಾಹೇಬರು ಈ ಊರಿಗೆ ಹೊಸಬರಾದ್ದರಿಂದ ಮರದ ಸಂಗತಿ ಹೇಳಬೇಕು. ಹಿರೇಗೋಳಿ ನೋಡುವವರಿಗೆ ಒಂದು ಹಾಡಿಯಂತೆ ಕಾಣುತ್ತದೆ. ಆದರೆ ಅದು ಒಂದೇ ಆಲದ ಮರ. ತಾಯಿಬುಡ ನಮ್ಮ ಅಜ್ಜಿಯ ಅಜ್ಜಿಯ ಕಾಲಕ್ಕೇ ಸತ್ತು ಮಣ್ಣಾಗಿ ನಡುವೆ ಖಾಲಿ ಜಾಗ ಉಳಿದಿದೆ. ಸುತ್ತ ಬಿಳಲುಗಳು ನೆಲಕ್ಕಿಳಿದು ಬುಡಗಳಾಗಿ ನಲವತ್ತೊಂದು ನಿಂತಿವೆ. ಅವನ್ನು ನಾವು ಕಾಲು ಎನ್ನುತ್ತೇವೆ. ನಮ್ಮ ಕೇರಿಯ ಗಂಡಸು ಕಡಲಿಗೆ ಹೋಗಿ ಹೆಣವೂ ಸಿಗದಿದ್ದರೆ ಹದಿಮೂರನೆಯ ದಿನ ಅವನ ಹೆಸರಿನಲ್ಲಿ ಒಂದು ಬಿಳಲನ್ನು ಆರಿಸುತ್ತೇವೆ. ಸೀಳಿದ ಬಿದಿರಿನಲ್ಲಿ ಅವನ ಮನೆಯಂಗಳದ ಮಣ್ಣು ತುಂಬಿ, ಬಿಳಲನ್ನು ಅದರೊಳಗೆ ಇಳಿಬಿಟ್ಟು, ಮನೆಯ ಹೆಂಗಸು ಹೊಸೆದ ಹಗ್ಗದಿಂದ ಬಿಗಿದು, ದಿನವೂ ನೀರು ಹೊಯ್ಯುತ್ತೇವೆ. ಎರಡು ಮೂರು ಮಳೆಗಾಲದಲ್ಲಿ ಅದು ನೆಲ ಮುಟ್ಟುತ್ತದೆ. ದಡಕ್ಕೆ ಬಾರದವನ ಕಾಲು ಹಾಗಾದರೂ ಮಣ್ಣು ಮುಟ್ಟಲಿ ಎಂದು. ಇದಕ್ಕೆ ಕಾಲಿಳಿಸುವುದು ಎಂದು ಹೆಸರು. ನಲವತ್ತೊಂದರಲ್ಲಿ ಇಪ್ಪತ್ತೊಂಬತ್ತರ ಹೆಸರು ನನಗೆ ಬಾಯಿಪಾಠ. ಉಳಿದವರು ಹಿಂದಿನವರು, ಅವರ ಹೆಸರು ಹೇಳುವವರೂ ಸತ್ತರು. ನನ್ನ ಅತ್ತೆ ಹೋದ ಮೇಲೆ ಮರವನ್ನು ನೋಡಿಕೊಳ್ಳುವುದು ನನ್ನ ಪಾಲಿಗೆ ಬಂತು.

ಒಂದು ಕಟ್ಟುಪಾಡು ಇದೆ. ಗೋಳಿಯಡಿಯಲ್ಲಿ ನಾವು ಸತ್ತವರನ್ನು ಹೆಸರು ಹಿಡಿದು ಕರೆಯುತ್ತೇವೆ, ಮಾತಾಡಿಸುತ್ತೇವೆ. ಆದರೆ ಯಾರಾದರೂ ಓ ಎಂದರೆ ತಿರುಗಿ ನೋಡಬಾರದು.

ದಿನಾಂಕ 6-9-1958ನೇ ಶನಿವಾರ, ಚೌತಿಗೆ ಹತ್ತು ದಿನ ಇತ್ತು. ಚಂದು, ಕಿಟ್ಟ, ಗುಡ್ಡ ಈ ಮೂವರು ಒಂದೇ ದೋಣಿಯವರು. ಚಂದುವೂ ಕಿಟ್ಟನೂ ಹುಟ್ಟು ಹಾಕುವುದು, ಗುಡ್ಡ ಚುಕ್ಕಾಣಿ ಹಿಡಿಯುವುದು. ಆ ದಿನ ಬೆಳಿಗ್ಗೆ, ಹೊಳೆ ಕಡಲು ಸೇರುವ ಅಳಿವೆಯ ಬಾಯಿಯಲ್ಲಿ ದೋಣಿ ಮಗುಚಿತು. ಸಂಜೆಗೆ ದೋಣಿಯ ಎರಡು ತುಂಡು ಬೀಜಾಡಿಯ ಕಡಲ ದಂಡೆಯ ಹೊಯ್ಗೆಗೆ ಬಂದು ಬಿದ್ದವು. ಹೆಣ ಒಂದೂ ಬರಲಿಲ್ಲ. ನಾವು ಹನ್ನೆರಡು ದಿನ ಕಾದೆವು. ಹದಿಮೂರನೆಯ ದಿನ ಪಕ್ಕಪಕ್ಕದಲ್ಲೇ ಮೂರು ಕಾಲು ಇಳಿಸಿದೆವು. ಅಂದು ದೋಣಿಯಲ್ಲಿ ಎಷ್ಟು ಜನ ಇದ್ದರು ಎಂದು ಯಾರೂ ಕೇಳಲಿಲ್ಲ. ಮೂರು ಜನರ ದೋಣಿಯಲ್ಲಿ ಮೂರು ಜನ ಇರುತ್ತಾರೆ, ಕೇಳುವುದೇನು?

ಚಂದುವಿನ ಬಿಳಲು ಎರಡು ಮಳೆಗೆ ನೆಲ ಕಚ್ಚಿತು. ಕಿಟ್ಟನದು ಮೂರಕ್ಕೆ. ನನ್ನ ತಮ್ಮನದು ಇಳಿಯಲೇ ಇಲ್ಲ. ಎರಡು ಸಲ ತುದಿ ಒಣಗಿತು. ಅವನಿಗೆ ಇಳಿಯುವ ಮನಸ್ಸಿಲ್ಲ ಎಂದು ಕೇರಿಯವರು ಹೇಳಿದರು. ನನಗೆ ಸಿಟ್ಟು ಬಂತು. ಬದುಕಿದ್ದಾಗ ಹೇಳಿದ ಮಾತು ಕೇಳಲಿಲ್ಲ, ಸತ್ತ ಮೇಲಾದರೂ ಕೇಳು ಎಂದು ಬೈದು ಬೈದು ನೀರು ಹೊಯ್ದೆ. ಅದು ನೆಲ ಮುಟ್ಟಿದ್ದು 1963ರ ಆಷಾಢದಲ್ಲಿ. ಅದೇ ಆಷಾಢದಲ್ಲಿ ಅವನು ಬೊಂಬಾಯಿಯ ಧರ್ಮಾಸ್ಪತ್ರೆಯಲ್ಲಿ ಇಪ್ಪತ್ತೊಂದು ದಿನ ಜ್ವರದಲ್ಲಿ ಮಲಗಿದ್ದನೆಂದೂ, ಉಳಿಯುವುದಿಲ್ಲವೆಂದು ಡಾಕ್ಟರು ಕೈಬಿಟ್ಟಿದ್ದರೆಂದೂ ಈಗ ಐದು ದಿನದ ಕೆಳಗೆ ಅವನ ಬಾಯಿಂದಲೇ ಕೇಳಿದೆ. ಇದನ್ನು ಬರೆಯುವುದು ಬೇಡ, ಕೇಸಿಗೆ ಸಂಬಂಧವಿಲ್ಲ ಎಂದು ರೈಟರು ಈಗ ಹೇಳುತ್ತಿದ್ದಾರೆ. ಬರೆಯಿರಿ ಎಂದು ನಾನು ಹೇಳುತ್ತಿದ್ದೇನೆ.

ಕಳೆದ ವರ್ಷ, ಅಂದರೆ 1970ರ ನವೆಂಬರಿನಲ್ಲಿ, ಹೊಳೆಬದಿಗೆ ಐಸ್ ಫ್ಯಾಕ್ಟರಿ ಬರುತ್ತದೆ, ಅದಕ್ಕೆ ಲಾರಿ ರಸ್ತೆ ಬೇಕು ಎಂದು ಕಂತ್ರಾಟುದಾರ ರತ್ನಾಕರ ಎಂಬವರು ಗೂಟ ಹೊಡೆಸಿದರು. ಗೂಟದ ಸಾಲು ಗೋಳಿಯ ನಡುವಿನಲ್ಲೇ ಹೋಯಿತು. ಹತ್ತೊಂಬತ್ತು ಕಾಲು ಕಡಿಯಬೇಕಾಗಿತ್ತು. ನಾವು ಹೆಂಗಸರು ಗೂಟ ಕಿತ್ತು ಒಲೆಗೆ ಹಾಕಿದೆವು. ಆಮೇಲೆ ಶ್ಯಾನುಭೋಗ ಶಾಮರಾಯರು, ಗೂಟ ಸುಟ್ಟರೆ ರಸ್ತೆ ನಿಲ್ಲುವುದಿಲ್ಲ, ಅರ್ಜಿ ಹಾಕಬೇಕು, ಇದು ಮರವಲ್ಲ, ಸತ್ತವರ ಜಾಗ ಎಂದು ತೋರಿಸಬೇಕು ಎಂದು ಬುದ್ಧಿ ಹೇಳಿದರು. ಅವರು ಕೋಟದ ಕಡೆಯವರು, ನಮ್ಮ ಕೇರಿಯವರಲ್ಲ. ಆದರೂ ಚಪ್ಪಲಿ ಹೊರಗೆ ಬಿಟ್ಟು ಗೋಳಿಯಡಿಗೆ ಬಂದು ಎರಡು ದಿನ ಕೂತು, ನಾನು ಹೇಳಿದ ಇಪ್ಪತ್ತೊಂಬತ್ತು ಹೆಸರನ್ನೂ ಸತ್ತ ದಿನವನ್ನೂ ಮರಣದ ಪುಸ್ತಕದೊಂದಿಗೆ ತಾಳೆ ನೋಡಿ ಪಟ್ಟಿ ಬರೆದರು. ಪಟ್ಟಿಯಲ್ಲಿ ಇಪ್ಪತ್ತೇಳನೆಯದು ಗುಡ್ಡ. ನಾನು ಹೆಬ್ಬೆಟ್ಟು ಒತ್ತಿದೆ. ತಾಲೂಕಿನ ಸಾಹೇಬರು 15-2-1971ರಂದು ಸ್ಥಳಕ್ಕೆ ಬಂದು ನೋಡಿ ತೀರ್ಮಾನ ಮಾಡುವುದೆಂದು ನೋಟೀಸು ಬಂತು.

ದಿನಾಂಕ 9-2-1971ನೇ ಮಂಗಳವಾರ ಸಂಜೆ ಸುಮಾರು ನಾಲ್ಕೂವರೆಗೆ ನಾನು ತಮ್ಮನ ಕಾಲಿಗೆ ಹತ್ತಿದ ಒರಲೆಯನ್ನು, ಅಂದರೆ ಗೆದ್ದಲನ್ನು, ತೆಂಗಿನ ಕಡ್ಡಿಯ ಹಿಡಿಯಿಂದ ಗುಡಿಸುತ್ತಿದ್ದೆ. ಯಾವಾಗಿನಂತೆ ಬೈಯುತ್ತಿದ್ದೆ. "ಹ್ವಾಯ್ ಗುಡ್ಡ, ಮೈಮೇಲೆ ಒರ್ಲಿ ಹತ್ರೂ ಸುಮ್ನೆ ನಿಂತಿದ್ಯಲ್ಲ, ನಿಂಗ್ ನಾಚ್ಕಿ ಇಲ್ಯಾ?" ಎಂದೆ. ಹಿಂದಿನಿಂದ "ಎಂತ ಅಕ್ಕ?" ಎಂದು ಕೇಳಿತು.

ಅವನ ಸ್ವರವೇ. ನಾನು ತಿರುಗಲಿಲ್ಲ. ಗುಡಿಸುವುದನ್ನೂ ನಿಲ್ಲಿಸಲಿಲ್ಲ. ಎರಡನೆಯ ಸಲ ಕರೆಯಿತು. ಮೂರನೆಯ ಸಲ "ಅಕ್ಕ, ನಾನ್ ಮಾರಾಯ್ತಿ, ಹಸು ಆತಿತ್" ಎಂದಿತು. ಸತ್ತವರಿಗೂ ಹಸಿವಾಗುತ್ತದೆ, ಅದಕ್ಕೇ ಅಲ್ಲವೆ ನಾವು ಎಡೆ ಇಡುವುದು? ಆದ್ದರಿಂದ ಆಗಲೂ ತಿರುಗಲಿಲ್ಲ. ಅವನೇ ಮುಂದೆ ಬಂದು ನಿಂತ. ಹುಬ್ಬಿನ ಕಲೆ ನೋಡಿದೆ. ಹಿಡಿಯಿಂದ ಅವನಿಗೆ ನಾಲ್ಕು ಪೆಟ್ಟು ಹೊಡೆದೆ, ಆಮೇಲೆ ಅವನನ್ನು ಹಿಡಿದುಕೊಂಡು ಅತ್ತೆ. ಮೈ ಬಿಸಿಯಾಗಿತ್ತು. ಇದನ್ನು ಬರೆದುಕೊಳ್ಳಿ, ಮೈ ಬಿಸಿಯಾಗಿತ್ತು.

ಇದು ಯಾರ ಕಾಲು ಎಂದು ಅವನು ಕೇಳಿದ. ನಿನ್ನದೇ ಎಂದೆ. ಅವನ ತೊಡೆಗಿಂತ ದಪ್ಪವಾಗಿ ಬೆಳೆದಿತ್ತು. ಅವನು ಅದನ್ನು ಮುಟ್ಟಲಿಲ್ಲ. ಪಕ್ಕದ ಎರಡು ಯಾರದೆಂದು ಕೇಳಿದ. ಚಂದುವಿನದು, ಕಿಟ್ಟನದು ಎಂದೆ. ಅಲ್ಲೇ ಕುಕ್ಕರಗಾಲಿನಲ್ಲಿ ಕೂತುಬಿಟ್ಟ.

ಮರುದಿನ 10ರಂದು ಮಧ್ಯಾಹ್ನ ಗಂಜಿ ಉಣ್ಣುವಾಗ ಅವನು ತಿಳಿಸಿದ್ದು: 1958ರ ಆ ಬೆಳಿಗ್ಗೆ ಅವನು ದೋಣಿಗೆ ಹೋಗಿರಲೇ ಇಲ್ಲ. ಮೀನಿನ ಪಾಲಿನ ವಿಷಯದಲ್ಲಿ ಹಿಂದಿನ ದಿನ ಚಂದುವಿನೊಡನೆ ಮಾತಿಗೆ ಮಾತು ಬೆಳೆದಿತ್ತು. ನಾನಿಲ್ಲದೆ ಅದು ಹೇಗೆ ದೋಣಿ ಇಳಿಸುತ್ತಾರೆ ನೋಡುತ್ತೇನೆ ಎಂದುಕೊಂಡು, ಬೆಳಕು ಹರಿಯುವ ಮೊದಲೇ ಹೊಳೆಯ ಕಡವು ದಾಟಿ ಮಂಗಳೂರಿನ ಬಸ್ಸು ಹತ್ತಿದ್ದ. ಅಲ್ಲಿಂದ ಬೊಂಬಾಯಿ, ಹೋಟೆಲಿನಲ್ಲಿ ಕೆಲಸ. ಅವರಿಬ್ಬರೂ ಚುಕ್ಕಾಣಿಯವನಿಲ್ಲದೆ ಅಳಿವೆ ದಾಟಲು ಹೋದರು. ಸುದ್ದಿ ಅವನಿಗೆ ನಾಲ್ಕು ತಿಂಗಳ ಮೇಲೆ, ಊರಿನವನೊಬ್ಬನಿಂದ ಗೊತ್ತಾಯಿತು. ತಾನೂ ಸತ್ತಿದ್ದೇನೆ ಎಂಬುದೂ ಆಗಲೇ ಗೊತ್ತಾಯಿತು. "ಹೆಂಗೆ ಬಪ್ದ್ ಅಕ್ಕ? ಯಾವ್ ಮೋರೆ ಹೊತ್ಕಂಡ್ ಬಪ್ದ್?" ಎಂದು ಕೇಳಿದ. ನಾನು ಅವನ ಬಟ್ಟಲಿಗೆ ಇನ್ನೊಂದು ಸೌಟು ಗಂಜಿ ಹಾಕಿದೆ. ಈ ಸಂಗತಿಯನ್ನು ಚಂದುವಿನ ಹೆಂಡತಿ ಸರಸಳಿಗೆ ನಾನು ಹೇಳಿರಲಿಲ್ಲ. ಈಗ ಅವಳು ಇಲ್ಲೇ ಎಂಟು ಅಡಿ ದೂರದಲ್ಲಿ ನಿಂತು ಕೇಳುತ್ತಿದ್ದಾಳೆ. ಕೇಳಲಿ.

ಊರಿನಲ್ಲಿ ಗುಟ್ಟು ಎಷ್ಟು ದಿನ ನಿಲ್ಲುತ್ತದೆ? 12ನೇ ತಾರೀಕು ಶುಕ್ರವಾರ ಅವನು ಗಣಪನ ಹೋಟೆಲಿಗೆ ಹೋದ. ಅಲ್ಲಿ ರತ್ನಾಕರರು ಇದ್ದರು. ಪಟ್ಟಿಯ ಇಪ್ಪತ್ತೇಳನೆಯ ಹೆಣ ಎರಡು ಪ್ಲೇಟು ಇಡ್ಲಿ ತಿಂದು ಮೂರನೆಯದಕ್ಕೆ ಚಟ್ನಿ ಕೇಳುತ್ತಿದೆ ಎಂದು ಅವರು ಹೇಳಿ ಎಲ್ಲರೂ ನಕ್ಕರಂತೆ. ಸಂಜೆ ಅವರೇ ನನ್ನ ಅಂಗಳಕ್ಕೆ ಬಂದರು. ಸೋಮವಾರ ಸಾಹೇಬರ ಮುಂದೆ ಗುಡ್ಡನನ್ನು ನಿಲ್ಲಿಸುತ್ತೇನೆ ಎಂದರು. ಕೆಟ್ಟ ಮನುಷ್ಯರಲ್ಲ, ಜೋರು ಮಾಡಲಿಲ್ಲ. "ಕಾಣ್ ಸುಂದರಿ, ಜೀವ ಇಪ್ಪವ್ರಿಗ್ ಕೆಲ್ಸ ಬೇಕ್, ಸತ್ತವ್ರಿಗ್ ಎಂತ ಬೇಕ್?" ಎಂದರು.

ಶನಿವಾರ ನಾನು ಶಾಮರಾಯರಲ್ಲಿಗೆ ಹೋಗಿ, ಒಂದು ಹೆಸರು ಹೊಡೆದುಹಾಕಿ, ಇಪ್ಪತ್ತೆಂಟು ಸಾಕು ಎಂದು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು. ಒಬ್ಬ ಬಂದನೆಂದರೆ ಉಳಿದ ಇಪ್ಪತ್ತೆಂಟು ಜನರೂ ಬೊಂಬಾಯಿಯಲ್ಲಿಲ್ಲ ಎನ್ನುವುದಕ್ಕೆ ಏನು ಆಧಾರ ಎಂದು ಸಾಹೇಬರು ಕೇಳುತ್ತಾರೆ, ಒಬ್ಬರದಾದರೂ ಹೆಣ ನೋಡಿದವರು ಇದ್ದಾರೆಯೇ ಎಂದರು. ಇಲ್ಲ. ಹೆಣ ನೋಡಿದ್ದರೆ ಕಾಲು ಏಕೆ ಇಳಿಸುತ್ತಿದ್ದೆವು?

ನಾನು ಮನೆಗೆ ಬರುವಾಗ ಸರಸ ಜಗಲಿಯಲ್ಲಿ ಕೂತಿದ್ದಳು. ಅವಳ ಜತೆ ಇನ್ನೂ ಆರು ಮನೆಯ ಹೆಂಗಸರು. ಯಾರೂ ಕೂಗಾಡಲಿಲ್ಲ. ಸರಸ ಹೇಳಿದ್ದನ್ನು ಅವಳು ಹೇಳಿದಂತೆಯೇ ಬರೆಯಿರಿ. "ಸುಂದ್ರಕ್ಕ, ನಿನ್ ತಮ್ಮ ಬಂದ, ಸಂತೋಷ. ಅದ್ಕೆ ನನ್ ಗಂಡ ಎರಡ್ನೇ ಸಲ ಸಾಯ್ಕಾ?" ಎಂದಳು. ಗುಡ್ಡ ಒಳಗೆ ಇದ್ದ. ಕೇಳಿಸಿಕೊಂಡಿರಬೇಕು.

ದಿನಾಂಕ 14-2-1971ನೇ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ನಾನು ತಮ್ಮನಿಗೆ, ನಾಳೆ ಬೆಳಗಿನ ಬಸ್ಸಿಗೆ ಮಂಗಳೂರಿಗೆ ಹೋಗಿ ಎರಡು ದಿನ ಇದ್ದು ಬಾ, ಸಾಹೇಬರು ಬಂದು ಹೋಗಲಿ ಎಂದೆ. ಅಷ್ಟು ಹೇಳಿದ್ದರೆ ಸಾಕಿತ್ತು. ಅವನು ತಲೆಯೆತ್ತದೆ ನನ್ನ ಹಗ್ಗದ ನಾರು ಬಿಡಿಸುತ್ತ ಕೂತದ್ದು ನೋಡಿ ನನಗೆ ಹಾಳು ಸಿಟ್ಟು ಬಂತು. "ಹನ್ನೆರಡ್ ವರ್ಷ ಸತ್ತಿದ್ಯಲ್ಲ, ಇನ್ನೊಂದ್ ದಿನ ಸತ್ತಿಪ್ಪುಕೆ ಆತಿಲ್ಯಾ ನಿಂಗೆ?" ಎಂದುಬಿಟ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವನು ನಕ್ಕ. "ಆತ್ ಅಕ್ಕ" ಎಂದ. ಸಂಜೆ ಗೋಳಿಯಡಿಗೆ ಹೋಗಿ ನಡುವಿನ ಖಾಲಿ ಜಾಗದಲ್ಲಿ ಕತ್ತಲಾಗುವವರೆಗೆ ಕೂತಿದ್ದ. ರಾತ್ರಿ ಕೊಚ್ಚಕ್ಕಿ ಅನ್ನ, ಬಂಗಡೆ ಸಾರು ಎರಡು ಸಲ ಹಾಕಿಸಿಕೊಂಡು ಉಂಡ.

ಸೋಮವಾರ ಬೆಳಿಗ್ಗೆ ಅವಲಕ್ಕಿ ಕಟ್ಟಿಕೊಟ್ಟೆ. ಹೊರಡುವಾಗ ಅವನು ತನ್ನ ಬೊಂಬಾಯಿ ಗಡಿಯಾರ ಬಿಚ್ಚಿ ನನ್ನ ಕೈಗೆ ಕಟ್ಟಿದ. ಹೊತ್ತು ನೋಡುವುದನ್ನು ಆ ಐದು ದಿನಗಳಲ್ಲಿ ಅವನೇ ಕಲಿಸಿದ್ದ. ಆರು ಗಂಟೆ ಹತ್ತು ನಿಮಿಷ. ಆ ದಿನದ ಹೊತ್ತೆಲ್ಲ ನಾನು ಹೇಳುತ್ತಿರುವುದು ಅದೇ ಗಡಿಯಾರದ್ದು. ಕಡವಿನ ಕಡೆಗೆ ನಡೆದ. ನಾನು ಹತ್ತು ಹೆಜ್ಜೆ ನೋಡಿ ಒಳಗೆ ಬಂದೆ, ಒಲೆಯಲ್ಲಿ ಹಾಲಿತ್ತು. ಬಸ್ಸು ಹಿಡಿಯುವವನು ಗಡಿಯಾರ ಬಿಟ್ಟು ಹೋಗುತ್ತಾನೆಯೆ ಎಂಬುದು ನನಗೆ ಹೊಳೆದದ್ದು ಮಧ್ಯಾಹ್ನದ ಮೇಲೆ. ಅಯ್ಯೋ, ನನ್ನ ತಲೆಗೆ ಏನಾಗಿತ್ತೋ!

ಹತ್ತೂವರೆಗೆ ತಾಲೂಕಿನ ಸಾಹೇಬರು ಬಂದರು. ಶಾಮರಾಯರು ಪಟ್ಟಿ ಓದಿದರು. ಒಂದೊಂದು ಹೆಸರಿಗೂ ಆ ಮನೆಯ ಹೆಂಗಸು ಹೋಗಿ ಆ ಕಾಲನ್ನು ಮುಟ್ಟಿ ನಿಂತಳು. ಇಪ್ಪತ್ತಾರು ಮುಗಿಯುವಾಗ ಹನ್ನೊಂದು ಗಂಟೆ ಇಪ್ಪತ್ತು ನಿಮಿಷ. ಇಪ್ಪತ್ತೇಳು, ಗುಡ್ಡ, ಎಂದರು. ರತ್ನಾಕರರು ಎದ್ದು ನಿಂತು, ಈ ಮನುಷ್ಯ ಜೀವಂತ ಇದ್ದಾನೆ, ನಾನು ಕಣ್ಣಾರೆ ನೋಡಿದ್ದೇನೆ ಎಂದರು. ಕರೆಸಿ ಎಂದರು ಸಾಹೇಬರು. ರತ್ನಾಕರರ ಆಳುಗಳು ಹುಡುಕಿದರು, ಸಿಗಲಿಲ್ಲ. ಸಾಹೇಬರು ನನ್ನನ್ನೇ ಕೇಳಿದರು, ನಿನ್ನ ತಮ್ಮ ಬದುಕಿದ್ದಾನೆಯೆ, ದೇವರ ಮೇಲೆ ಆಣೆಯಿಟ್ಟು ಹೇಳು ಎಂದು. ನಾನು ಆನೆಗುಡ್ಡೆಯ ದೇವಸ್ಥಾನದ ಕಡೆಗೆ ಮುಖ ಮಾಡಿ, ಬಲಗೈಯನ್ನು ಇಪ್ಪತ್ತೇಳನೆಯ ಕಾಲಿನ ಮೇಲಿಟ್ಟು, ನನ್ನ ತಮ್ಮ 6-9-1958ರಂದು ಕಡಲಲ್ಲಿ ಸತ್ತಿದ್ದಾನೆ ಎಂದು ಹೇಳಿದೆ. ಗಡಿಯಾರ ಕಟ್ಟಿದ್ದ ಎಡಗೈಯನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದೆ. ಅದು ಟಿಕ್ ಟಿಕ್ ಎನ್ನುವುದು ನನಗೆ ಕೇಳುತ್ತಿತ್ತು.

ಹನ್ನೆರಡೂಕಾಲು ಗಂಟೆಗೆ ಸಾಹೇಬರು, ಮರಕ್ಕೆ ಕೈ ಹಚ್ಚಬಾರದು, ರಸ್ತೆಯನ್ನು ಅರವತ್ತು ಅಡಿ ಮೂಡಕ್ಕೆ ಸರಿಸಬೇಕು ಎಂದು ಬರೆದು ರುಜು ಹಾಕಿದರು. ಹೆಂಗಸರು ಅತ್ತರು. ಸರಸ ನನ್ನ ಕಾಲಿಗೆ ಬಿದ್ದಳು. ಆಗ ನಾನು ಕೆಳಗೆ ನೋಡಿದೆ. ಇಪ್ಪತ್ತೇಳನೆಯ ಕಾಲಿನ ಹಿಂಬದಿಯಲ್ಲಿ, ಬೇರಿನ ಸಂದಿನಲ್ಲಿ, ಅವನ ಚಪ್ಪಲಿ ಜೋಡಿಯಾಗಿ ಇಟ್ಟಿತ್ತು. ಮನೆಯೊಳಗೆ ಹೋಗುವವನು ಹೊರಗೆ ಬಿಟ್ಟು ಹೋದ ಹಾಗೆ.

ಹನ್ನೆರಡು ಗಂಟೆ ನಲವತ್ತು ನಿಮಿಷಕ್ಕೆ ಹೋಟೆಲಿನ ಗಣಪ ಓಡಿ ಬಂದು, ಹೊಳೆಯಲ್ಲಿ ಕಟ್ಟಿದ್ದ ತನ್ನ ಸಣ್ಣ ದೋಣಿ ಬೆಳಿಗ್ಗೆಯಿಂದ ಇಲ್ಲ ಎಂದ. ಜನರನ್ನು ಹೊಳೆ ದಾಟಿಸುವ ಕಡವಿನವನನ್ನು ಕೇಳಿದೆ. ಗುಡ್ಡ ಆ ದಿನ ಕಡವು ದಾಟಿಲ್ಲ ಎಂದ. ಒಂದೂವರೆಗೆ ಅಳಿವೆಯ ಬಾಯಿಂದ ಸುಮಾರು ಎರಡು ಫರ್ಲಾಂಗು ತೆಂಕಕ್ಕೆ ದೋಣಿ ಸಿಕ್ಕಿತು. ಮಗುಚಿರಲಿಲ್ಲ. ಒಳಗೆ ನೀರೂ ಇರಲಿಲ್ಲ. ಬಿಚ್ಚದ ಅವಲಕ್ಕಿಯ ಗಂಟು ಇತ್ತು. ಎರಡು ಹುಟ್ಟುಗಳನ್ನು, ಹಿಂದಿನ ದೋಣಿಯಲ್ಲಿ ಚಂದುವೂ ಕಿಟ್ಟನೂ ಕೂರುತ್ತಿದ್ದ ಜಾಗಗಳಿಗೆ ಸರಿಯಾಗಿ ಒಂದೊಂದಾಗಿ ಇಟ್ಟಿತ್ತು. ರತ್ನಾಕರರೇ ಎರಡು ಮೋಟಾರು ದೋಣಿ ತರಿಸಿ ಕತ್ತಲಾಗುವವರೆಗೆ ಹುಡುಕಿಸಿದರು. ಅದನ್ನೂ ಬರೆಯಬೇಕು, ಇಲ್ಲದಿದ್ದರೆ ಅನ್ಯಾಯವಾಗುತ್ತದೆ.

ಆ ಸಂಜೆಯೇ ನಾನು ಠಾಣೆಗೆ ಬಂದೆ. ರೈಟರು ಪುಸ್ತಕ ನೋಡಿ, ಸತ್ತವನು ಕಾಣೆಯಾದ ಎಂದು ಹೇಗೆ ಬರೆದುಕೊಳ್ಳುವುದು, ಇವತ್ತು ಬೆಳಿಗ್ಗೆಯೇ ನೀನು ಆಣೆ ಹಾಕಿದ್ದೀಯಲ್ಲ ಎಂದರು. ಮರುದಿನ ಮತ್ತೆ ಹೋದೆ. ಅದೇ ಉತ್ತರ. ಅವರದು ತಪ್ಪೆಂದು ನಾನು ಹೇಳುವುದಿಲ್ಲ. ರಾತ್ರಿ ಸರಸ ಬಂದು, ಹೋಗಬೇಡ ಸುಂದ್ರಕ್ಕ, ನೀನು ಬರೆಸಿದ ಕಾಗದ ಸಿಕ್ಕಿದರೆ ಆರ್ಡರು ಬಿದ್ದುಹೋಗುತ್ತದೆ, ಎಲ್ಲರ ಕಾಲೂ ಹೋಗುತ್ತದೆ ಎಂದು ಅತ್ತಳು. ಅದೂ ನಿಜ. ಹಾಗಾದರೂ ನಾನು ಇಂದು ಬರೆಸುತ್ತಿದ್ದೇನೆ. ಒಬ್ಬ ಮನುಷ್ಯ ಎರಡು ಸಲ ಸತ್ತು, ಬದುಕಿದ್ದ ಎಂದು ಎಲ್ಲಿಯೂ ಒಂದು ಸಾಲು ಇಲ್ಲದಿದ್ದರೆ ಹೇಗೆ?

ಆದ್ದರಿಂದ ನನ್ನ ತಮ್ಮ 9-2-1971ರಿಂದ 15-2-1971ರ ಬೆಳಿಗ್ಗೆಯವರೆಗೆ ಜೀವಂತ ನನ್ನ ಮನೆಯಲ್ಲಿದ್ದ, ಉಂಡ, ನಕ್ಕ ಎಂದು ದಾಖಲು ಮಾಡಿಕೊಳ್ಳಬೇಕು. ಸುಳ್ಳು ಆಣೆ ಹಾಕಿದ್ದಕ್ಕೆ ಕೇಸು ಹಾಕುವುದಾದರೆ ನನ್ನೊಬ್ಬಳ ಮೇಲೆ ಹಾಕಿ. ಉಳಿದ ಇಪ್ಪತ್ತೆಂಟು ಹೆಂಗಸರು ಮುಟ್ಟಿ ತೋರಿಸಿದ್ದು ನಿಜ. ಮರ ಏನೂ ಹೇಳಿಲ್ಲ, ಅದಕ್ಕೆ ಶಿಕ್ಷೆ ಬೇಡ. ಸೋಮವಾರದಿಂದ ದಿನಕ್ಕೆ ಮೂರು ಸಲ ಗೋಳಿಯಡಿಯಲ್ಲಿ ನಿಂತು ಅವನ ಹೆಸರು ಕೂಗಿದ್ದೇನೆ. ಓ ಎಂದರೆ ಈ ಸಲ ಮೊದಲನೆಯ ಕೂಗಿಗೇ ತಿರುಗುತ್ತೇನೆ, ಕಟ್ಟುಪಾಡು ಏನೇ ಇರಲಿ. ಯಾರೂ ಓ ಎಂದಿಲ್ಲ. ಗಡಿಯಾರಕ್ಕೆ ದಿನವೂ ಕೀ ಕೊಡುತ್ತಿದ್ದೇನೆ.

ರೈಟರು ಇದನ್ನು ಓದಿ ಹೇಳಿದರು, ಸರಸಳೂ ಕೇಳಿದಳು, ಹೋಗದೆ ಇಲ್ಲೇ ನನ್ನ ಪಕ್ಕಕ್ಕೆ ಬಂದು ಕೂತಿದ್ದಾಳೆ. ಇಂದು ನಾನು ಹೇಳಿದ್ದೆಲ್ಲ ನಿಜ. ತಮ್ಮ ಸತ್ತಿದ್ದಾನೆಂದು ಸೋಮವಾರ ನಾನು ಹೇಳಿದ್ದು ಸುಳ್ಳೆಂದು ಇನ್‌ಸ್ಪೆಕ್ಟರ್ ಸಾಹೇಬರು ಹೇಗಾದರೂ ಸಾಬೀತು ಮಾಡಿಕೊಡಬೇಕು.

ಸ್ಥಳ: ಹಿರೇಗೋಳಿಯ ಬುಡ, ಕೋಡಿ
ದಿನಾಂಕ: 17-2-1971
ಸುಂದರಿಯ ಎಡಗೈ ಹೆಬ್ಬೆಟ್ಟಿನ ಗುರುತು
ಗುರುತು ಬಲ್ಲವರು: ಸರಸ, ಚಂದುವಿನ ಹೆಂಡತಿ, ಅವಳ ಹೆಬ್ಬೆಟ್ಟಿನ ಗುರುತು